ಅಟ್ಟದ ಮೇಲಿನ ಟಿವಿಯನ್ನು ಯಾರು ಒಯ್ಯಬೇಕು?

ಕಳೆದ ಏಪ್ರಿಲ್‌ನಲ್ಲಿ ಶಿರಸಿ ಸೀಮೆಯ ನಮ್ಮ ಹಳೆಯ ಮನೆಯ ಹೆಂಚು ಬದಲಿಸುವ ಕೆಲಸ ಹಿಡಿದಿದ್ದೆವು. ಹೆಂಚು ಇಳಿಸುವ ಮೊದಲು ಅಟ್ಟ ಖಾಲಿಯಾಗಬೇಕಿತ್ತು. ಕಾರವಾರದಿಂದ ಎರಡು ದಿನ ರಜೆ ಹಾಕಿ ಹೋದ ನಾನು, ಗೋಣಿಚೀಲ, ತಾಮ್ರದ ಹಂಡೆ, ಮುರಿದ ತೊಟ್ಟಿಲುಗಳ ಸಂದಿಯಿಂದ ಒಂದೊಂದೇ ವಸ್ತುವನ್ನು ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟೆ. ಒಂದು ಹಳೆಯ ಪಿಕ್ಚರ್ ಟ್ಯೂಬಿನ ಟಿವಿ, ಎರಡು ಸೆಟ್‌ಟಾಪ್ ಬಾಕ್ಸ್, ಸಿಡಿಲು ಬಡಿದು ಸುಟ್ಟ ಮೂರು ಮೋಡೆಮ್, ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದ್ದ ಎರಡು ಮೊಬೈಲ್, ನಾಲ್ಕು ಎಮರ್ಜೆನ್ಸಿ ಲೈಟ್, ಮಿಕ್ಸರ್‌ನ ಮೋಟಾರು, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಚಾರ್ಜರ್‌ಗಳು, ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಸಿಎಫ್‌ಎಲ್ ದೀಪಗಳು. ನಮ್ಮದು ಸಾಧಾರಣ ತೋಟಿಗರ ಮನೆ. ಇಷ್ಟೊಂದು ವಿದ್ಯುತ್ ಸಾಮಾನು ಈ ಮನೆಯೊಳಗೆ ಬಂದು, ಕೆಟ್ಟು, ಅಟ್ಟ ಸೇರಿದೆ ಎಂಬ ಲೆಕ್ಕ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಂಗಳಕ್ಕೆ ಬಂದ ಆಯಿ ಎಲ್ಲವನ್ನೂ ಒಮ್ಮೆ ನೋಡಿ, "ಇರ್ಲಿ ಬಿಡೋ ತಮಾ, ಎಂತಕ್ಕಾದ್ರೂ ಬತ್ತು" ಎಂದಳು.

ಆಯಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ಮನೆಗಳಲ್ಲಿ ವಸ್ತುವನ್ನು ಎಸೆಯುವ ರೂಢಿ ಕಡಿಮೆ. ಅಡಿಕೆಯ ಹಾಳೆ, ಸೋಗೆ, ಸಗಣಿ, ಬೂದಿ ಎಲ್ಲಕ್ಕೂ ಒಂದೊಂದು ಉಪಯೋಗವನ್ನು ಹಿರಿಯರು ಕಂಡುಕೊಂಡಿದ್ದರು, ಉಪಯೋಗ ತೀರಿದ ಮೇಲೆ ಅವುಗಳನ್ನು ಮಣ್ಣು ಒಪ್ಪಿಸಿಕೊಳ್ಳುತ್ತಿತ್ತು. ಮಣ್ಣು ಒಪ್ಪಿಸಿಕೊಳ್ಳದ ವಸ್ತುಗಳು ಮನೆಗೆ ಬಂದ ಮೇಲೂ ಅದೇ ರೂಢಿ ಮುಂದುವರಿಯಿತು, ಮತ್ತು ಅಟ್ಟ ತುಂಬಿತು. ಜೊತೆಗೆ ನಮ್ಮ ಹವೆಯೂ ಈ ಸಾಮಾನುಗಳಿಗೆ ಒಗ್ಗುವುದಿಲ್ಲ. ಘಟ್ಟದ ಮೇಲೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಿಡಿಲು ತಂತಿಗುಂಟ ಮನೆಯೊಳಕ್ಕೆ ಬಂದು ಟಿವಿ, ಮೋಡೆಮ್‌ಗಳನ್ನು ಸುಡುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಕಾರವಾರದ ನನ್ನ ಬಾಡಿಗೆ ಮನೆ ಸಮುದ್ರಕ್ಕೆ ಹತ್ತಿರದಲ್ಲಿದೆ. ಅಲ್ಲಿ ಐದು ವರ್ಷ ನಡೆದ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ನೋಡಿದಾಗ, ತಾಮ್ರದ ತುದಿಗಳ ಮೇಲೆಲ್ಲ ಪಾಚಿ ಬಣ್ಣದ ಹುಡಿ ಹತ್ತಿತ್ತು. ಬೇರೆ ಊರುಗಳಲ್ಲಿ ಹೆಚ್ಚು ಕಾಲ ಬಾಳುವ ಸಾಮಾನು ನಮ್ಮಲ್ಲಿ ಬೇಗ ಕೆಡುತ್ತದೆ, ಆದ್ದರಿಂದ ಅದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ನಮ್ಮ ಜಿಲ್ಲೆಗೆ ಇನ್ನಷ್ಟು ಬೇಕು.

ಹಾಗಾದರೆ ಗುಜರಿಗೆ ಏಕೆ ಕೊಡಬಾರದು ಎಂದು ಅನೇಕರು ಕೇಳುತ್ತಾರೆ. ನಾನೂ ಒಮ್ಮೆ ಕೊಟ್ಟವನೇ. ಕೆಲವು ವರ್ಷಗಳ ಹಿಂದೆ ಮನೆಯ ಇನ್ನೊಂದು ಟಿವಿಯನ್ನು ಟೆಂಪೋದಲ್ಲಿ ಬಂದ ಗುಜರಿಯವರಿಗೆ ನೂರೈವತ್ತು ರೂಪಾಯಿಗೆ ಕೊಟ್ಟಿದ್ದೆ. ಮರುದಿನ ಪೇಟೆಗೆ ಹೋಗುವಾಗ, ಊರ ಹೊರಗಿನ ಹಳ್ಳದ ಪಕ್ಕದಲ್ಲಿ ಅದೇ ಟಿವಿ ಬಿದ್ದಿರುವುದನ್ನು ಕಂಡೆ. ಹಿಂಬದಿಯ ಪ್ಲಾಸ್ಟಿಕ್ ಕವಚ ಇರಲಿಲ್ಲ. ಪಿಕ್ಚರ್ ಟ್ಯೂಬಿನ ಕುತ್ತಿಗೆಯನ್ನು ಕಲ್ಲಿನಿಂದ ಒಡೆದು, ಅದಕ್ಕೆ ಸುತ್ತಿದ್ದ ತಾಮ್ರದ ಕಾಯಿಲನ್ನು ಕಿತ್ತುಕೊಂಡಿದ್ದರು. ದಪ್ಪ ಗಾಜಿನ ಚೂರುಗಳು ಹಳ್ಳದ ಇಳಿಜಾರಿನುದ್ದಕ್ಕೂ ಚೆಲ್ಲಿದ್ದವು, ಪರದೆಯ ಒಳಮೈಗೆ ಹತ್ತಿದ್ದ ಬೂದಿ ಬಣ್ಣದ ಪುಡಿ ಹುಲ್ಲಿನ ಮೇಲೆ ಉದುರಿತ್ತು. ಒಂದು ಬದಿಯಲ್ಲಿ ತಂತಿಗಳನ್ನು ಸುಟ್ಟ ಕಪ್ಪು ಕಲೆಯೂ ಇತ್ತು.

ಆ ದಪ್ಪ ಗಾಜು ಬರಿಯ ಗಾಜಲ್ಲ. ಟ್ಯೂಬಿನ ಒಳಗೆ ಹುಟ್ಟುವ ಎಕ್ಸ್-ಕಿರಣ ಹೊರಗೆ ಬಾರದಿರಲೆಂದು ಅದರ ಹಿಂಬದಿಯ ಲಾಳಿಕೆಯಾಕಾರದ ಗಾಜಿನಲ್ಲಿ ಸೀಸವನ್ನು ಬೆರೆಸಿರುತ್ತಾರೆ. ಟ್ಯೂಬಿನ ಗಾತ್ರಕ್ಕೆ ತಕ್ಕಂತೆ ಆ ಸೀಸ ಕಿಲೋಗಟ್ಟಲೆ ಇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು ಮಾಡುವ ಲೋಹ. ಪಿವಿಸಿ ಹೊದಿಕೆಯ ತಂತಿಯನ್ನು ಬಯಲಿನಲ್ಲಿ ಸುಟ್ಟರೆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಸಿಎಫ್‌ಎಲ್ ಒಡೆದರೆ ಕೆಲವು ಮಿಲಿಗ್ರಾಂನಷ್ಟು ಪಾದರಸ ಹೊರಬೀಳುತ್ತದೆ. ನಮ್ಮಲ್ಲಿ ಇದರ ಹಾದಿ ಬಲು ಹತ್ತಿರದ್ದು. ಮನೆ ಮನೆಗೂ ತೆರೆದ ಬಾವಿ, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಇಳಿಜಾರಿನ ನೆಲ. ಶಿರಸಿ ಭಾಗದ ಎಷ್ಟೋ ಹಳ್ಳಗಳ ನೀರು ಕೊನೆಗೆ ಸೇರುವುದು ಅಘನಾಶಿನಿಯನ್ನು. ಎಲ್ಲೂ ಅಣೆಕಟ್ಟಿಲ್ಲದೆ ಹರಿಯುವ ಆ ನದಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿಸಿದಾಗ ನಾವೆಲ್ಲ ಸಂಭ್ರಮಿಸಿದ್ದೆವು. ಕುಮಟಾದ ಆ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ. ಬಳಚು ನೀರನ್ನು ಸೋಸಿ ಆಹಾರ ಹಿಡಿಯುವ ಜೀವಿ, ನೀರಿನೊಂದಿಗೆ ಬಂದ ಭಾರ ಲೋಹವನ್ನೂ ತನ್ನ ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ನೂರೈವತ್ತು ರೂಪಾಯಿಗೆ ನಾನು ಮಾರಿದ್ದು ಏನನ್ನು ಎಂಬುದು ಆ ಹಳ್ಳದ ಬಳಿ ನಿಂತಾಗ ತಿಳಿಯಿತು.

ಆ ಗುಜರಿಯವರನ್ನು ನಾನು ದೂರುವುದಿಲ್ಲ. ಅವರಿಗೆ ಬೆಲೆ ಸಿಗುವುದು ತಾಮ್ರಕ್ಕೆ, ಅಲ್ಯೂಮಿನಿಯಂಗೆ, ಕಬ್ಬಿಣಕ್ಕೆ. ಸೀಸದ ಗಾಜನ್ನು ಕೊಳ್ಳುವವರು ಈ ಸೀಮೆಯಲ್ಲಿ ಯಾರೂ ಇಲ್ಲ, ಸುರಕ್ಷಿತವಾಗಿ ಒಯ್ಯಲು ತಗಲುವ ಖರ್ಚನ್ನು ಕೊಡುವವರೂ ಇಲ್ಲ. ಬೆಲೆಯಿಲ್ಲದ್ದು ಹಳ್ಳ ಸೇರುತ್ತದೆ. ಉಚಿತ ಸಾರ್ವಜನಿಕ ಸಂಗ್ರಹ ಬೇಕಾಗುವುದು ಈ ಬೆಲೆಯಿಲ್ಲದ ಭಾಗಕ್ಕಾಗಿಯೇ.

ಇದಾದ ಮೇಲೆ ಕಾರವಾರದಲ್ಲಿ ಒಂದು ಭಾನುವಾರ ಶಾಲೆಯೊಂದರ ಅಂಗಳದಲ್ಲಿ ಇಂಥ ಸಂಗ್ರಹ ನಡೆದಾಗ ಅರ್ಧ ದಿನ ಅಲ್ಲಿ ನಿಂತು ಕೆಲಸಕ್ಕೆ ಕೈಜೋಡಿಸಿದೆ. ಬ್ಯಾಟರಿಗೊಂದು ಡಬ್ಬ, ದೀಪಗಳಿಗೊಂದು ಪೆಟ್ಟಿಗೆ, ಉಳಿದದ್ದಕ್ಕೆ ಟಾರ್ಪಾಲಿನ ಮೇಲೆ ಜಾಗ, ತೂಕ ಮಾಡಿ ಒಂದು ಚೀಟಿ. ಬಂದವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ ಆಗಿತ್ತು: "ಕೆಜಿಗೆ ಎಷ್ಟು ಕೊಡ್ತೀರಿ?" ಏನೂ ಕೊಡುವುದಿಲ್ಲ, ಏನೂ ತೆಗೆದುಕೊಳ್ಳುವುದೂ ಇಲ್ಲ ಎಂದಾಗ ಕೆಲವರು ಸಾಮಾನನ್ನು ಮರಳಿ ಸ್ಕೂಟರಿಗೇರಿಸಿದರು. ಬೈತಖೋಲ್ ಕಡೆಯಿಂದ ಬಂದಿದ್ದ ಒಬ್ಬ ವಯಸ್ಸಾದ ಅಮ್ಮ ಮಾತ್ರ, ಸೀರೆಯ ತುಂಡಿನಲ್ಲಿ ಒಂದೊಂದಾಗಿ ಸುತ್ತಿದ್ದ ಹದಿನಾಲ್ಕು ಸಿಎಫ್‌ಎಲ್ ದೀಪಗಳನ್ನು ಪೆಟ್ಟಿಗೆಯಲ್ಲಿ ತಾವೇ ಜೋಡಿಸಿ, ಸೀರೆಯ ತುಂಡುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಇಷ್ಟು ವರ್ಷ ಎಲ್ಲಿ ಹಾಕೋದು ಅಂತ ಗೊತ್ತಾಗ್ಲಿಲ್ಲಪ್ಪ" ಎಂದು ಹೋದರು. ಅವರ ಮಾತು ನನ್ನಲ್ಲಿ ಉಳಿದಿದೆ. ಜನರಿಗೆ ಮನಸ್ಸಿದೆ, ಹಾಕಲು ಜಾಗವಿಲ್ಲ.

"ಉಚಿತ" ಎಂಬ ಮಾತನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ನಮಗೆ ಯಾರೋ ಮಾಡುವ ಉಪಕಾರವಲ್ಲ, ನಾವು ಕಂಪನಿಗಳಿಗೆ ಮಾಡುವ ದಾನವೂ ಅಲ್ಲ. ದೇಶದಲ್ಲಿ ಇ-ತ್ಯಾಜ್ಯದ, ಅಂದರೆ ಇಂಥ ಕೆಟ್ಟ ವಿದ್ಯುತ್ ಸಾಮಾನುಗಳ, ನಿಯಮಗಳು ಮೊದಲು ಜಾರಿಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಆಗಿನಿಂದಲೂ ಅವುಗಳ ತಿರುಳು ಒಂದೇ: ವಸ್ತುವನ್ನು ತಯಾರಿಸಿ ಮಾರಿದವರೇ ಅದರ ಕೊನೆಗೂ ಹೊಣೆ. ಈಗ ನಡೆಯುತ್ತಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ನೂರಕ್ಕೂ ಹೆಚ್ಚು ಬಗೆಯ ಸಾಮಾನುಗಳಿಗೆ ಅನ್ವಯಿಸುತ್ತವೆ. ಉತ್ಪಾದಕರು ಪೂರೈಸಬೇಕಾದ ಮರುಬಳಕೆಯ ಗುರಿ 60 ಶೇಕಡದಿಂದ ಆರಂಭವಾಗಿ ಹಂತಹಂತವಾಗಿ 80 ಶೇಕಡಕ್ಕೆ ಏರುತ್ತದೆ. ಇದರ ಖರ್ಚನ್ನು ಕಂಪನಿಗಳು ಬೆಲೆಯೊಳಗೆ ಸೇರಿಸದೆ ಇರುವುದಿಲ್ಲ. ಹಾಗಾಗಿ ಹೊಸ ಟಿವಿ ಕೊಳ್ಳುವಾಗಲೇ ಹಳೆಯದರ ಸಾಗಣೆಗೆ ನಾವು ಹಣ ತೆತ್ತಾಗಿದೆ. ತೆತ್ತ ಹಣದ ಸೇವೆ ನಮ್ಮೂರಿಗೆ ಬರಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಆದರೆ ಈ ನಿಯಮಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆಯೂ ಇಲ್ಲಿಯೇ ಇದೆ. ಉತ್ಪಾದಕರು ನೋಂದಾಯಿತ ಮರುಬಳಕೆದಾರರಿಂದ, ಇಷ್ಟು ತೂಕದ ಸಾಮಾನು ಮರುಬಳಕೆಯಾಗಿದೆ ಎಂಬ ಪ್ರಮಾಣಪತ್ರ ಕೊಂಡು ಗುರಿ ಮುಟ್ಟಬಹುದು. ಆ ತೂಕ ಬೆಂಗಳೂರಿನ ಕಚೇರಿಗಳ ಕಂಪ್ಯೂಟರುಗಳಿಂದಲೇ ಪೂರ್ತಿಯಾಗುವುದಾದರೆ, ಯಲ್ಲಾಪುರದ ಕಾಡಿನಂಚಿನ ಮನೆಗೋ ಜೋಯಿಡಾದ ಹಳ್ಳಿಗೋ ಯಾರು ಗಾಡಿ ಕಳಿಸುತ್ತಾರೆ? ತಿರುಗಿ ಬರುವ ದಾರಿ ಸರಿಯಿದ್ದರೆ ವಸ್ತು ತಿರುಗಿ ಬಂದೇ ಬರುತ್ತದೆ ಎಂಬುದಕ್ಕೆ ಇನ್ವರ್ಟರ್ ಬ್ಯಾಟರಿಯೇ ಸಾಕ್ಷಿ. ಯಾರ ಅಟ್ಟದ ಮೇಲೂ ಹಳೆಯ ಇನ್ವರ್ಟರ್ ಬ್ಯಾಟರಿಯನ್ನು ನಾನು ಕಂಡಿಲ್ಲ, ಏಕೆಂದರೆ ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಲೆಕ್ಕಕ್ಕೆ ಹಿಡಿದು ತೆಗೆದುಕೊಳ್ಳುತ್ತಾರೆ. ಯುರೋಪಿನ ದೇಶಗಳಲ್ಲಿ ಹೊಸ ಯಂತ್ರ ಮಾರುವ ಅಂಗಡಿ ಅದೇ ಬಗೆಯ ಹಳೆಯ ಯಂತ್ರವನ್ನು ಪುಕ್ಕಟೆಯಾಗಿ ಹಿಂದಕ್ಕೆ ಪಡೆಯಬೇಕೆಂಬ ಕಾನೂನೇ ಇದೆ. ಜಪಾನಿನವರು 2017ರಿಂದ 2019ರವರೆಗೆ ಊರೂರಿನಲ್ಲಿ ಪೆಟ್ಟಿಗೆಗಳನ್ನಿಟ್ಟು ಜನರಿಂದ ಸುಮಾರು 79 ಸಾವಿರ ಟನ್ ಹಳೆಯ ಸಾಮಾನನ್ನು, 60 ಲಕ್ಷಕ್ಕೂ ಹೆಚ್ಚು ಮೊಬೈಲ್‌ಗಳನ್ನು ಸಂಗ್ರಹಿಸಿ, ಅದರಿಂದ ತೆಗೆದ 32 ಕಿಲೋ ಚಿನ್ನ ಮತ್ತು ಬೆಳ್ಳಿ, ಕಂಚಿನಿಂದಲೇ ಟೋಕಿಯೋ ಒಲಿಂಪಿಕ್ಸ್‌ನ ಎಲ್ಲ ಪದಕಗಳನ್ನು ಮಾಡಿದರು. ಇಡೀ ಜಗತ್ತಿನ ಲೆಕ್ಕ ಮಾತ್ರ ಬೇಸರ ತರಿಸುತ್ತದೆ: 2022ರಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾದ ದಾರಿ ಹಿಡಿದದ್ದಕ್ಕೆ ದಾಖಲೆ ಇರುವುದು 22.3 ಶೇಕಡಕ್ಕೆ ಮಾತ್ರ.

ನಮ್ಮ ಜಿಲ್ಲೆಗೆ ದೊಡ್ಡ ಕಾರ್ಖಾನೆ ಬೇಕೆಂದು ನಾನು ಕೇಳುತ್ತಿಲ್ಲ. ಬೇಕಾಗಿರುವುದು ನಿಶ್ಚಿತವಾದ ದಿನ. ಒಂದು ಭಾನುವಾರ ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು, ಮುಂದಿನ ಮೂರು ವರ್ಷ ಸುದ್ದಿಯಿಲ್ಲದಿದ್ದರೆ ಜನರ ನಂಬಿಕೆ ಉಳಿಯುವುದಿಲ್ಲ. ವರ್ಷಕ್ಕೆ ಎರಡು ಸಲ, ಸಿಡಿಲಿನ ಕಾಲ ಮುಗಿದು ಮಳೆ ಹಿಡಿಯುವ ಮುಂಚೆ ಒಮ್ಮೆ, ದೀಪಾವಳಿಯ ಮನೆ ಸಾರಣೆಯ ಹೊತ್ತಿಗೆ ಇನ್ನೊಮ್ಮೆ, ಪ್ರತಿ ಪಂಚಾಯತಿಯಲ್ಲೂ ಸಂಗ್ರಹ ಆಗಬೇಕು. ಒಣ ಕಸ ಒಯ್ಯುವ ಸ್ವಚ್ಛ ವಾಹಿನಿ ಈಗಾಗಲೇ ಎಷ್ಟೋ ಊರುಗಳಿಗೆ ಬರುತ್ತಿದೆ, ಅದನ್ನು ಓಡಿಸುವ ಹೆಣ್ಣುಮಕ್ಕಳಿಗೆ ಪ್ರತಿ ಮನೆಯ ಪರಿಚಯವೂ ಇದೆ. ಆ ದಿನದ ಕೆಲಸಕ್ಕೆ ಅವರಿಗೆ ಬೇರೆ ಸಂಬಳ, ಕೈಗವಸು, ಉಬ್ಬಿದ ಬ್ಯಾಟರಿಯನ್ನು ಒಣ ಮರಳಿನ ಡಬ್ಬದಲ್ಲಿ ಬೇರೆಯಾಗಿಡುವ ತರಬೇತಿ ಸಿಗಬೇಕು. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ದಯವಿಟ್ಟು ಯಾರೂ ಅದನ್ನು ಒಣ ಕಸಕ್ಕೆ ಹಾಕಬೇಡಿ. ಗುಜರಿಯವರನ್ನು ಈ ವ್ಯವಸ್ಥೆಯಿಂದ ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ಒಡೆಯದ ಟ್ಯೂಬನ್ನು, ಬಿಚ್ಚದ ಬೋರ್ಡನ್ನು ಸಂಗ್ರಹಕ್ಕೆ ತಂದುಕೊಟ್ಟವರಿಗೆ ತೂಕಕ್ಕೆ ತಕ್ಕ ಹಣ ಉತ್ಪಾದಕರ ಹೊಣೆಯ ಹಣದಿಂದ ಸಲ್ಲಬೇಕು. ಮೊಬೈಲ್ ಕೊಡಲು ಹೆದರುವವರಿಗೆ, ಒಳಗಿನ ಫೋಟೋ, ಲೆಕ್ಕಪತ್ರ ಅಳಿಸಿಕೊಡುವ ಒಬ್ಬ ಹುಡುಗನನ್ನು ಮೇಜಿನ ಬಳಿ ಕೂರಿಸಿದರೆ ಸಾಕು.

ಅಂಗಳದಲ್ಲಿದ್ದ ಟಿವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ದೇವಿಮನೆ ಘಟ್ಟ ಇಳಿದು, ಸುಮಾರು 120 ಕಿಲೋಮೀಟರ್ ದೂರದ ಕಾರವಾರಕ್ಕೆ ತಂದೆ. ಮುಂದಿನ ಸಂಗ್ರಹದ ದಿನದವರೆಗೆ ಅದು ನನ್ನ ಬಾಡಿಗೆ ಮನೆಯ ಮೂಲೆಯಲ್ಲಿ ಇತ್ತು. ಹೀಗೆ ತರಲು ಎಲ್ಲರಿಗೂ ಕಾರು, ರಜೆ, ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಊರಿನ ಪಂಚಾಯತಿಗೆ ಲಿಖಿತ ಅರ್ಜಿ ಕೊಟ್ಟಿದ್ದೇನೆ. ಅದರ ಜೊತೆಗೆ ಲಗತ್ತಿಸಲು, ನಮ್ಮ ಕೇರಿಯ ಯಾವ ಯಾವ ಅಟ್ಟದ ಮೇಲೆ ಏನೇನಿದೆ ಎಂಬ ಪಟ್ಟಿಯನ್ನು ಆಯಿ ಬರೆದುಕೊಡುತ್ತಿದ್ದಾಳೆ. ಹಾಲಿನ ಲೆಕ್ಕದ ಹಳೆಯ ಪುಸ್ತಕದ ಕೊನೆಯ ಹಾಳೆಗಳಲ್ಲಿ ಇದುವರೆಗೆ ಹನ್ನೊಂದು ಮನೆಗಳ ಹೆಸರಿದೆ, ಒಂಬತ್ತು ಟಿವಿಗಳಿವೆ.