ಬಂಗುಡೆ ಘಾಟಿ ಹತ್ತಿದ ಮೇಲೆ

ಕೊಡಗಿಗೆ ಕಡಲಿಲ್ಲ. ಆದರೂ ಕಡಲ ಮೀನು ಎರಡು ದಾರಿಯಲ್ಲಿ ಬರುತ್ತದೆ. ಮಂಗಳೂರಿನ ಮೀನು ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ. ಕಣ್ಣೂರು, ತಲಶ್ಶೇರಿ ಕಡೆಯದು ಮಾಕುಟ್ಟದ ಕಾಡು ದಾಟಿ ವಿರಾಜಪೇಟೆಗೆ. ಯಾರ ಮನೆಗೆ ಯಾವ ದಾರಿಯ ಮೀನೋ, ಅವರಿಗೆ ಆ ದಾರಿಯ ಮಸಾಲೆಯೇ ಸರಿ. ಉಳಿದದ್ದೆಲ್ಲ ಅಡುಗೆಯೇ ಅಲ್ಲ. ಮಡಿಕೇರಿ ಹತ್ತಿರದ ಹೋಂಸ್ಟೇ ಒಂದರಲ್ಲಿ ಸೌಟು ಹಿಡಿದಿರುವ ನಾನು ಈ ಎರಡು ಪಾರ್ಟಿಗಳ ಮಧ್ಯೆ ಸಿಕ್ಕಿಕೊಂಡಿದ್ದೇನೆ.

ನಾನು ಕುಂದಾಪುರ ಕಡೆಯವನು. ರಜೆ ಸಿಕ್ಕಿದರೆ ಕರಾವಳಿಗೆ ಇಳಿದು ಯಾರದಾದರೂ ಅಡುಗೆಮನೆಯ ಮೂಲೆಯಲ್ಲಿ ನಿಂತು ನೋಡುವ ಹುಚ್ಚು. ಕಾಣೆ ಮೀನಿಗೆ ರವೆ ಎಷ್ಟು ಅಂಟಬೇಕು, ಬೂತಾಯಿ ಪುಳಿಮುಂಚಿಗೆ ಹುಣಸೆ ಎಷ್ಟು, ಎಲ್ಲ ಕೇಳಿಕೊಂಡು ಮೇಲೆ ಬರುತ್ತೇನೆ. ಬರುವಾಗ ಬರಿಗೈಲಿ ಬರುವುದಾದರೂ ಹೇಗೆ? ಜೊತೆಗೊಂದು ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಐಸು, ಐಸಿನೊಳಗೆ ಅಂಜಲ್.

ಒಂದು ಸಲ ಕಂಡಕ್ಟರ್ ಪೆಟ್ಟಿಗೆಯನ್ನು ಡ್ರೈವರ್ ಸೀಟಿನ ಹಿಂದೆಯೇ ಇಡಿಸಿದರು. ಸಂಪಾಜೆ ದಾಟುವ ಹೊತ್ತಿಗೆ ಅದರ ಟೇಪು ಬಿಟ್ಟುಕೊಂಡಿತು. ಘಾಟಿ ಹತ್ತುವ ಬಸ್ಸಿನಲ್ಲಿ ನೀರು ಹಿಂದಕ್ಕೇ ಹರಿಯಬೇಕಲ್ವಾ? ಒಂದೊಂದೇ ಸೀಟಿನವರು ಕಾಲು ಮೇಲೆತ್ತುತ್ತಾ ಬಂದರು. ಮದುವೆಗೆ ಹೊರಟಿದ್ದ ರೇಷ್ಮೆ ಸೀರೆಯ ಅಮ್ಮನವರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ‘ಯಾರದ್ರೀ ಇದು?’ ಎಂದು ಕಂಡಕ್ಟರ್ ಕೂಗಿದಾಗ ನಾನು ಕಿಟಕಿಯಾಚೆಯ ಕಾಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಪೆಟ್ಟಿಗೆ ಇಡಿಸಿದ್ದು ಅವರೇ ಎನ್ನುವುದು ಅವರಿಗೆ ಬೇಗ ನೆನಪಾಯಿತು. ‘ಪೆಟ್ಟಿಗೆಗೆ ಟಿಕೆಟ್ ತಗೊಂಡಿದ್ದೀನಲ್ಲ ಅಣ್ಣ’ ಎಂದೆ. ‘ಪೆಟ್ಟಿಗೆಗೆ ತಗೊಂಡಿದ್ದೀರಿ, ನೀರಿಗಲ್ಲ’ ಎಂದರು. ಉತ್ತರ ಹೊಳೆಯಲಿಲ್ಲ.

ಮಳೆಗಾಲದಲ್ಲಿ ಈ ಕಷ್ಟವೂ ಇಲ್ಲ, ಮೀನೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರಿಗೆ ಸಿಕ್ಕಿದ್ದು ಕೆಳಗೇ ಖಾಲಿ. ಬೆಂಗಳೂರಿನವರು ಕೊಡಗಿನ ಮಳೆ ನೋಡಲು ಬರುವುದೂ ಆಗಲೇ. ಬಂದವರೇ ‘ಫ್ರೆಶ್ ಸೀ ಫುಡ್ ಏನಿದೆ?’ ಅಂತಾರೆ. ಶುಕ್ರವಾರದ ಸಂತೆಯಿಂದ ತಂದ ಒಣ ಸಿಗಡಿ ಇದೆ ಸ್ವಾಮಿ! ಅದನ್ನು ಹುರಿಯತೊಡಗಿದರೆ ಆ ಮಂಜಿನಲ್ಲಿ ವಾಸನೆ ಮೇಲೆ ಹೋಗುವುದಿಲ್ಲ, ಸುಮ್ನೆ ಮನೆ ಸುತ್ತ ನಿಲ್ಲುತ್ತದೆ. ಜುಲೈನಲ್ಲಿ ಬಟ್ಟೆಯೂ ಒಣಗುವುದಿಲ್ಲವಾದ್ದರಿಂದ ನನ್ನ ಬಿಳಿ ಕೋಟು ಒಲೆಯ ಮೇಲೇ ನೇತಾಡುತ್ತದೆ. ಅದನ್ನು ಹಾಕಿಕೊಂಡು ಹೊರಟರೆ ಊರಿನ ಬೆಕ್ಕುಗಳಿಗೆಲ್ಲ ನಾನೇ ಲೀಡರ್.

ಆದರೆ ಎಲ್ಲಕ್ಕಿಂತ ಜಾಸ್ತಿ ಹೆಸರಾಗಿದ್ದು ಜುಮ್ಮನಕಾಯಿಯ ಕಥೆ. ಕೊಂಕಣಿಯವರು ತೆಪ್ಪಲ್ ಎನ್ನುತ್ತಾರೆ. ಒಣಗಿದ ಸಣ್ಣ ಕಾಯಿ, ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆಯನ್ನಷ್ಟೇ ಜಜ್ಜಿ ಬಂಗುಡೆ ಸಾರಿಗೆ ಕೊನೆಯಲ್ಲಿ ಹಾಕುವುದು. ಕಾರವಾರದ ಒಬ್ಬ ಅಮ್ಮ ಕಲಿಸಿದ್ದು. ಘಮ ಮಾತ್ರ ಬೇಕು, ಸಿಪ್ಪೆ ಪಕ್ಕಕ್ಕೆ ತೆಗೆದಿಡಬೇಕು. ಬಡಿಸುವ ಹುಡುಗ ಅದನ್ನೂ ಹೇಳಿದ್ದ. ಪಕ್ಕದ ತೋಟದ ಸುಬೇದಾರ್ ಮಾವನಿಗೆ ಹೇಳಿದ್ದು ಕೇಳಿಸುವ ಅಭ್ಯಾಸ ಕಡಿಮೆ. ಎರಡು ಸಿಪ್ಪೆ ಚೆನ್ನಾಗಿ ಅಗಿದರು. ಅಗಿದವರು ತಟ್ಟನೆ ನಿಂತರು. ತುಟಿ ಮುಟ್ಟಿ ನೋಡಿಕೊಂಡರು. ನಾಲಿಗೆ ಹೊರಗೆ ಹಾಕಿ ಸ್ಟೀಲ್ ತಟ್ಟೆಯಲ್ಲಿ ಅದರ ಪ್ರತಿಬಿಂಬ ನೋಡಿದರು. ‘ನಾಯಿಗೆ ಓಯ್ತು! ಜೀಪ್ ತೆಗಿ!’ ನಾಲಿಗೆ ಹೋಯ್ತು ಎಂದು ನಮಗೆ ಅರ್ಥವಾಗುವಷ್ಟರಲ್ಲಿ ಮನೆಯ ನಾಯಿ ಎದ್ದು ಬಂದಿತ್ತು. ಜೀಪು ಸ್ಟಾರ್ಟ್ ಆಗುವ ಹೊತ್ತಿಗೆ ಜುಮುಜುಮು ಇಳಿಯಿತು. ಮಾರನೆ ಸಂಜೆ ಮಾವ ಮತ್ತೆ ಬಂದರು. ಒಂದು ಹಿಡಿ ಕಾಯಿ ಬೇಕಂತೆ. ರಮ್ಮಿಗೆ ಬರುವ ಹಳೆಯ ಕ್ಯಾಪ್ಟನ್ ಒಬ್ಬರಿಗೆ ಏನೂ ಹೇಳದೆ ಕೊಡಬೇಕಂತೆ.

ಇನ್ನು ಹುಳಿಯ ಜಗಳ. ಅಡುಗೆಮನೆಯಲ್ಲಿ ನನಗೆ ಇಬ್ಬರು ಸಹಾಯಕರು. ಸುಳ್ಯದ ಹುಡುಗನಿಗೆ ಹುಣಸೆ ಬಿಟ್ಟರೆ ಮೀನಿಲ್ಲ. ವಿರಾಜಪೇಟೆಯ ಚೇಚಿಗೆ ಮಣ್ಣಿನ ಚಟ್ಟಿ, ಕೇರಳದ ಹುಳಿಯಾದ ಕುಡಂಪುಳಿ ಇಲ್ಲದಿದ್ದರೆ ಮುಖವೇ ದಪ್ಪ. ಒಂದು ದಿನ ಬೇಸತ್ತು ಎರಡೂ ಬಿಟ್ಟು ಬ್ಯಾಡಗಿ ಮೆಣಸಿನ ಅರಪ್ಪಿಗೆ ಅರ್ಧ ಚಮಚ ಕಾಚಂಪುಳಿ, ಕೊಡಗಿನ ಹುಳಿ, ಬಿಟ್ಟೆ. ಕುಡಂಪುಳಿ, ಕಾಚಂಪುಳಿ ಎರಡೂ ಒಂದೇ ಜಾತಿಯ ಮರದ ಹಣ್ಣು ನೋಡಿ. ಕೇರಳದವರು ಸಿಪ್ಪೆ ಒಣಗಿಸಿ ಹೊಗೆ ಹಾಕುತ್ತಾರೆ. ಕೊಡಗಿನವರು ರಸ ಇಳಿಸಿ ಕಪ್ಪಗೆ ಗಟ್ಟಿಯಾಗುವ ತನಕ ಕುದಿಸುತ್ತಾರೆ. ಚೇಚಿ ರುಚಿ ನೋಡಿ ‘ಇದು ನಮ್ಮದೇ’ ಎಂದರು. ಹುಡುಗನೂ ‘ಇದು ನಮ್ದು’ ಎಂದ. ಸುಬೇದಾರ್ ಮಾವ ಮೂಸಿ, ‘ಪಂದಿ ಕರಿ ತರ ಇದೆ’ ಎಂದು, ಅಂದರೆ ಕಾಚಂಪುಳಿ ಹಾಕಿದ ಹಂದಿ ಸಾರಿನ ತರ ಎಂದು, ಇನ್ನೆರಡು ಅಕ್ಕಿ ರೊಟ್ಟಿ ಹಾಕಿಸಿಕೊಂಡರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಅದೇ ಎಡವಟ್ಟಾಯಿತು. ದಿನಾ ಅದೇ ಸಾರಿಗೆ ಬೇಡಿಕೆ, ದಿನಾ ಅರ್ಧ ಚಮಚ. ಆಗಸ್ಟ್ ಕೊನೆಗೆ ಹೋಂಸ್ಟೇ ಮನೆಯ ಯಜಮಾನಿ ಅಕ್ಕ ಕಾಚಂಪುಳಿಯ ಭರಣಿ ಎತ್ತಿ ಅಲ್ಲಾಡಿಸಿ ನೋಡಿದರು. ಕೊಡವರ ಆಯುಧ ಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ನೆಂಟರೆಲ್ಲ ಬರುವವರು, ಪಂದಿ ಕರಿ, ಅಕ್ಕಿ ಉಂಡೆಯ ಕಡಂಬುಟ್ಟು ಆಗಬೇಕು. ಭರಣಿಯಲ್ಲಿ ತಳ ಕಾಣುತ್ತಿದೆ. ‘ಮೀನಿಗೆ ಹಾಕಿದ್ಯಾ? ಮೀನಿಗೆ?’ ಎಂದು ಅವರು ಕೇಳಿದ ಧಾಟಿಗೆ ಚೇಚಿಯೂ ಹುಡುಗನೂ ಒಟ್ಟಿಗೇ ಈರುಳ್ಳಿ ಹೆಚ್ಚತೊಡಗಿದರು. ಹಬ್ಬಕ್ಕೆ ತವರಿನಿಂದ ಹೊಸ ಭರಣಿ ಬಂತು. ಅದನ್ನು ಅಕ್ಕ ಕೋವಿ ಇಡುವ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈಗ ಅರ್ಧ ಚಮಚ ಬೇಕೆಂದರೆ ಯಾವ ಮೀನು, ಎಷ್ಟು ತುಂಡು, ಯಾರು ತಿನ್ನುವವರು ಎಂದೆಲ್ಲ ಹೇಳಬೇಕು.