ಕರೆ ಹೋಗದಿದ್ದರೆ ಲ್ಯಾಂಡ್‌ಲೈನ್‌ನಿಂದ ಪ್ರಯತ್ನಿಸಿ

2024ರ ಫೆಬ್ರುವರಿ 22ಕ್ಕೆ ಮುಹೂರ್ತವಿಟ್ಟ ಜೋಯಿಸರು ಯಾರೋ, ಅವರಿಗೊಂದು ಶಾಲು ಹೊದಿಸಬೇಕು. ಅಂದು ಉತ್ತರ ಕ್ಯಾಲಿಫೋರ್ನಿಯಾದ ಯುಕಾಯ ಎಂಬ ಊರಿನಲ್ಲಿ ಫೋನ್, ವಿದ್ಯುತ್ತಿನಂಥ ಸೇವೆಗಳ ಮೇಲೆ ನಿಗಾ ಇಡುವ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗವು ಅಹವಾಲು ಸಭೆ ಕರೆದಿತ್ತು. ಕೇಳಿದವರಿಗೆಲ್ಲ ಲ್ಯಾಂಡ್‌ಲೈನ್ ಕೊಡಲೇಬೇಕೆಂಬ ಹಳೆಯ ಕಟ್ಟುಪಾಡಿನಿಂದ ತನ್ನನ್ನು ಬಿಡುಗಡೆ ಮಾಡಿ ಎಂದು ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ 2023ರ ಮಾರ್ಚ್‌ನಲ್ಲಿ ಅರ್ಜಿ ಹಾಕಿತ್ತು. ಕೈಯಲ್ಲಿ ಮೊಬೈಲ್ ಇರುವಾಗ ತಂತಿ ಯಾರಿಗೆ ಬೇಕು ಎಂಬುದು ಅದರ ವಾದ.

ಸಭೆಯ ದಿನ ನಸುಕಿನಲ್ಲೇ ಅದೇ ಕಂಪನಿಯ ಮೊಬೈಲ್ ಜಾಲ ದೇಶದುದ್ದಕ್ಕೂ ಮಕಾಡೆ ಮಲಗಿತು. ಏಳಲು ಹನ್ನೆರಡು ಗಂಟೆಗೂ ಹೆಚ್ಚು ಬೇಕಾಯಿತು. ಅಷ್ಟರಲ್ಲಿ 9.2 ಕೋಟಿಗೂ ಹೆಚ್ಚು ಕರೆಗಳು ಹೋಗದೆ ನಿಂತವು. ತುರ್ತು ಸಂಖ್ಯೆ 911ಕ್ಕೆ ಹೊರಟ 25,000ಕ್ಕೂ ಹೆಚ್ಚು ಕರೆಗಳು ಅವುಗಳಲ್ಲಿದ್ದವು. ಸ್ಯಾನ್ ಫ್ರಾನ್ಸಿಸ್ಕೊದ ಅಗ್ನಿಶಾಮಕ ಇಲಾಖೆಯವರು ಜನರಿಗೆ ತಕ್ಷಣ ಸಲಹೆ ಕೊಟ್ಟರು: 911ಕ್ಕೆ ಕರೆ ಹೋಗದಿದ್ದರೆ ಲ್ಯಾಂಡ್‌ಲೈನ್‌ನಿಂದ ಪ್ರಯತ್ನಿಸಿ!

ಜಾಲವನ್ನು ವಿಸ್ತರಿಸುವಾಗ ತಪ್ಪು ಕ್ರಮ ಅನುಸರಿಸಿದ್ದರಿಂದ ಹೀಗಾಯಿತು ಎಂದು ಕಂಪನಿ ವಿವರಣೆ ಕೊಟ್ಟಿತು. ಮೊಬೈಲ್ ಸೇವೆ ಹೆಚ್ಚಿಸಲು ಹೋಗಿ ಇದ್ದ ಸೇವೆಯೂ ನಿಂತಿತು ಎಂದರ್ಥ. ತೊಂದರೆಗೊಳಗಾದ ಗ್ರಾಹಕರ ಖಾತೆಗೆ ತಲಾ 5 ಡಾಲರ್ ಜಮಾ ಆಯಿತು. ಆಂಬುಲೆನ್ಸ್ ಕರೆಯಲಾಗದವರು ಆ ಹಣದಲ್ಲಿ ಒಂದು ಕಾಫಿ ಕುಡಿದು ಸುಧಾರಿಸಿಕೊಳ್ಳಬಹುದು.

ಯುಕಾಯ ಇರುವ ಮೆಂಡೊಸಿನೊ ಕೌಂಟಿ (ಜಿಲ್ಲೆ) ಬೆಟ್ಟ, ಕಣಿವೆ, ರೆಡ್‌ವುಡ್ ಕಾಡುಗಳ ಸೀಮೆ. ಕಂಪನಿಯ ನಕ್ಷೆಯಲ್ಲಿ ಸಿಗ್ನಲ್ ಧಾರಾಳವಾಗಿ ಹರಿಯುತ್ತದೆ. ನಕ್ಷೆಯಲ್ಲಿ ಮನೆ ಕಟ್ಟಿಕೊಳ್ಳದೆ ಕಣಿವೆಯಲ್ಲಿ ಕಟ್ಟಿಕೊಂಡದ್ದು ಅಲ್ಲಿನವರ ತಪ್ಪು. ಕಾಡ್ಗಿಚ್ಚಿನ ಭಯದಿಂದ ವಿದ್ಯುತ್ ಕಂಪನಿಗಳೇ ಅಲ್ಲಿ ಕರೆಂಟ್ ತೆಗೆಯುವುದುಂಟು. 2019ರ ಅಕ್ಟೋಬರ್‌ನಲ್ಲಿ ಹಾಗೆ ತೆಗೆದಾಗ ಅದೇ ರಾಜ್ಯದ ಮರಿನ್ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಟವರ್‌ಗಳು ಉಸಿರು ನಿಲ್ಲಿಸಿದವು. ಇಂಟರ್‌ನೆಟ್ ಮೂಲಕ ಬರುವ ಫೋನೂ ಮನೆಯಲ್ಲಿ ಕರೆಂಟ್ ಇದ್ದರೆ ಮಾತ್ರ ಬಾಯಿ ಬಿಡುತ್ತದೆ. ಹಳೆಯ ತಾಮ್ರದ ತಂತಿಯೋ, ತನಗೆ ಬೇಕಾದ ವಿದ್ಯುತ್ತನ್ನು ಎಕ್ಸ್‌ಚೇಂಜಿನಿಂದ ತಾನೇ ತರುತ್ತದೆ. ಮನೆಯ ದೀಪ ಆರಿದ್ದು ಅದರ ಗಮನಕ್ಕೂ ಬರುವುದಿಲ್ಲ. ಇಂಥ ಹಿಂದುಳಿದ ತಂತ್ರಜ್ಞಾನವನ್ನು ಯಾರು ತಾನೇ ಸಹಿಸಿಯಾರು? ಹೇಗೂ ಮಳೆ ಬರುತ್ತದಲ್ಲ ಎಂದು ಊರ ಬಾವಿ ಮುಚ್ಚುವ ಉತ್ಸಾಹ ಇದು.

ಸಭೆಗಳಿಗೆ ಬರಲಾಗದವರಿಗೂ ಆಯೋಗ ದಾರಿ ಮಾಡಿಕೊಟ್ಟಿತ್ತು: ಫೋನ್ ಮಾಡಿ ಅಭಿಪ್ರಾಯ ಹೇಳಬಹುದಿತ್ತು. ಅದಕ್ಕೂ ಒಂದು ಫೋನ್ ಬೇಕಲ್ಲ.

2024ರ ಜೂನ್‌ನಲ್ಲಿ ಆಯೋಗ ಅರ್ಜಿಯನ್ನು ವಜಾ ಮಾಡಿತು. ಕಂಪನಿಯ ಜಾಗದಲ್ಲಿ ನಿಂತು ಎಲ್ಲರಿಗೂ ಸೇವೆ ಕೊಡಬಲ್ಲ, ಕೊಡಲು ಒಪ್ಪುವ ಇನ್ನೊಬ್ಬರನ್ನು ಕಂಪನಿ ತೋರಿಸಿಯೇ ಇರಲಿಲ್ಲ. ಜೊತೆಗೆ ಆಯೋಗ ಒಂದು ಮುಜುಗರದ ಮಾತನ್ನೂ ನೆನಪಿಸಿತು: ತಾಮ್ರದ ತಂತಿಯೇ ಬೇಕೆಂದು ನಿಯಮ ಎಲ್ಲೂ ಹೇಳಿಲ್ಲ. ಬೇಕಿದ್ದರೆ ತಾಮ್ರ ಕಿತ್ತು ಫೈಬರ್ ಎಳೆಯಿರಿ, ಯಾರೂ ಅಡ್ಡ ಬರುವುದಿಲ್ಲ. ಅಲ್ಲಿಗೆ ಹಳೆಯ ತಂತ್ರಜ್ಞಾನದ ಕಷ್ಟ ಕೇಳಿ ಕಣ್ಣೊರೆಸಿಕೊಂಡವರೆಲ್ಲ ಕರವಸ್ತ್ರ ಮಡಚಿಡಬೇಕಾಯಿತು. ಕಂಪನಿಗೆ ಭಾರವಾದದ್ದು ತಾಮ್ರವಲ್ಲ, ಬೆಟ್ಟದಾಚೆ ಒಂಟಿ ಮನೆಯಲ್ಲಿದ್ದು ಕನೆಕ್ಷನ್ ಕೇಳುವ ಗ್ರಾಹಕ.

ಆದರೆ ಕಂಪನಿ ಛಲ ಬಿಡುವ ಪೈಕಿಯಲ್ಲ. ಕಂಬ ಹತ್ತುವುದು ದುಬಾರಿಯಾದರೂ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದ ಶಾಸನಸಭೆಯ ಮೆಟ್ಟಿಲು ಹತ್ತುವುದು ಅದಕ್ಕೆ ದುಬಾರಿಯೆನಿಸಲಿಲ್ಲ. ಆಯೋಗ ಕೊಡದ ಮುಕ್ತಿಯನ್ನು ಕಾನೂನಿನಿಂದಲೇ ಪಡೆಯುವ ಮಸೂದೆಯೊಂದು 2024ರಲ್ಲೇ ಬಂದಿತ್ತು, ದಡ ಸೇರಲಿಲ್ಲ. 2025ರಲ್ಲಿ ಇನ್ನೊಂದು ಬಂತು.