ಕ್ಯಾಮೆರಾಕ್ಕಿಂತ ಮೊದಲು ಬಾಗಿಲು

‘ನಾಲ್ಕು ದಿಕ್ಕಿಗೂ ಕ್ಯಾಮೆರಾ, ಎಲ್ಲ ಕಿಟಕಿಗೂ ಬೆಸುಗೆ ಹಾಕಿದ ಗ್ರಿಲ್’ ಎಂದು ಮನೆಗಳ್ಳತನ ತಡೆಯುವ ಬಗ್ಗೆ ಬರೆದ ಲೇಖಕರೊಬ್ಬರು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್ ಪೆಟ್ಟಿಗೆಯನ್ನೇ ಕಳ್ಳ ಹೊತ್ತೊಯ್ದರೆ ಕ್ಯಾಮೆರಾದಿಂದ ಏನು ಸಿಕ್ಕೀತು? ಹೊರಗೆ ನೇತಾಡುವ ಬೀಗವಂತೂ ಮನೆ ಖಾಲಿ ಎಂದು ಬೀದಿಗೆಲ್ಲ ಸಾರುತ್ತದೆ. ಮೊದಲ ಹಣ ಬಾಗಿಲೊಳಗೇ ಕೂರುವ ಬೀಗಕ್ಕೆ, ಚೌಕಟ್ಟಿಗೆ ಆಳವಾಗಿ ಇಳಿಯುವ ಸ್ಕ್ರೂಗಳಿಗೆ, ಎಲ್ಲರೂ ಮರೆಯುವ ಹಿತ್ತಿಲ ಬಾಗಿಲಿಗೆ ಹೋಗಲಿ. ಒಡವೆ ಬ್ಯಾಂಕ್ ಲಾಕರಿನಲ್ಲಿರಲಿ; 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು (ಅಷ್ಟೇ, ಒಡವೆಯ ಪೂರ್ತಿ ಬೆಲೆಯಲ್ಲ).

ಆದರೆ ಬೆಸುಗೆ ಹಾಕಿದ ಗ್ರಿಲ್ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ರಾತ್ರಿ ಬೆಂಕಿ ಬಿದ್ದರೆ ಮಕ್ಕಳು, ವೃದ್ಧರು ಹೊರಬರುವುದು ಎಲ್ಲಿಂದ? ಪ್ರತಿ ಮಲಗುವ ಕೋಣೆಯಲ್ಲಿ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಬೇಕು, ಅದರ ಕೀಲಿ ಮನೆಯವರ ಕೈಗೆಟುಕುವಲ್ಲೇ ಇರಬೇಕು.